ತೊಗರಿ ಕೋವಿಯ ಬೋಸಯ್ಯ

ತುಂಬಾ ಹಿಂದೆ, ಗುಡ್ಡದ ಮೇಲಿನ ತೂಗುಗಲ್ಲು ಈಗಿರುವುದಕ್ಕಿಂತ ಒಂದು ಗೇಣು ಮೇಲೆ ಕೂತಿದ್ದ ಕಾಲದಲ್ಲಿ, ಅದರ ಕೆಳಗೆ ಒಂದು ಹಟ್ಟಿ ಇತ್ತಂತೆ. ಆ ಕಲ್ಲು ವರ್ಷಕ್ಕೆ ಒಂದು ಎಳ್ಳಿನಷ್ಟು ಜಾರುತ್ತದೆ ಅಂತ ನಮ್ಮ ಕಡೆ ನಂಬಿಕೆ. ಒಂದು ಗೇಣು ಜಾರಲು ಎಷ್ಟು ಕಾಲ ಬೇಕೋ ನೀವೇ ಲೆಕ್ಕ ಹಾಕಿಕೊಳ್ಳಿ. ನಾನು ಹೇಳುವುದು ಅಷ್ಟು ಹಿಂದಿನ ಮಾತು. ನಾನು ಕಂಡದ್ದಲ್ಲ. ನನಗೆ ಹೇಳಿದವರೂ ಕಂಡವರಲ್ಲ.

ಆ ಹಟ್ಟಿಯಲ್ಲಿ ಬೋಸಯ್ಯ ಅಂತ ಒಬ್ಬನಿದ್ದನಂತೆ. ತೊಗರಿ ಕೋವಿಯ ಬೋಸಯ್ಯ ಅಂದರೆ ಸುತ್ತಲಿನ ಬಯಲಿಗೆಲ್ಲ ಗೊತ್ತು.

ತೊಗರಿ ಕೋವಿ ಅಂದರೆ ಏನು ಅಂತ ಈಗಿನವರು ಕೇಳುತ್ತೀರಿ. ಹಂದಿ ಹೊಡೆಯಲು ದೊಡ್ಡ ಕೋವಿ ಬೇಕು. ನಮ್ಮ ಕಡೆ ಬರೀ ಬಂಡೆ, ಜಾಲಿ, ನಡುವೆ ಶೇಂಗಾದ ಹೊಲ. ಇಲ್ಲಿ ಹಂದಿ ಕಡಿಮೆ. ಇಲ್ಲಿ ಬೆಳೆ ತಿನ್ನುವುದೆಲ್ಲ ಸಣ್ಣವು. ಮೊಲ, ಹೆಗ್ಗಣ, ಮುಳ್ಳುಹಂದಿ. ಕುರಿಮರಿ ಹೊತ್ತೊಯ್ಯಲು ಬರುವ ನರಿ. ಇವಕ್ಕೆ ದೊಡ್ಡ ಕೋವಿ ಹೊಡೆದರೆ ಪ್ರಾಣಿಯ ಜೊತೆ ಅರ್ಧ ಸಾಲು ಬೆಳೆಯೂ ಹೋಗುತ್ತದೆ. ಅದಕ್ಕೆ ಸಣ್ಣ ನಳಿಗೆಯ ಕೋವಿ ಇದ್ದವು. ಅವುಗಳ ಗುಂಡು ತೊಗರಿ ಕಾಳಿನಷ್ಟೇ ದಪ್ಪ. ಸದ್ದೂ ಕಡಿಮೆ. ಒಣಗಿದ ಜಾಲಿಕಾಯಿ ಮುರಿದಷ್ಟು. ಅದಕ್ಕೇ ಜನ ತೊಗರಿ ಕೋವಿ ಅಂದರು.

ಆ ಕೋವಿಗಳ ಬೆನ್ನಿನಲ್ಲಿ ಒಂದು ಅಗುಳಿ ಇರುತ್ತಿತ್ತು. ಬಾಗಿಲಿನ ಅಗುಳಿಯ ಹಾಗೆಯೇ. ಎತ್ತಬೇಕು, ಹಿಂದಕ್ಕೆ ಎಳೆಯಬೇಕು, ತೋಟಾ ಇಟ್ಟು ಮುಂದಕ್ಕೆ ತಳ್ಳಬೇಕು, ಕೆಳಗೆ ಮಡಚಬೇಕು. ಆಗ ಕೋವಿ ಮುಚ್ಚುತ್ತದೆ. ಅಗುಳಿಯನ್ನು ಪೂರ್ತಿ ಹೊರಗೆ ತೆಗೆದರೆ ಕೋವಿ ಬರೀ ಕೊಳವೆ. ಈ ಕಡೆಯಿಂದ ನೋಡಿದರೆ ಆ ಕಡೆಯ ಆಕಾಶ ಕಾಣುತ್ತದೆ.

ಇಂಥ ಕೋವಿಗಳು ನಮ್ಮವಲ್ಲ. ಅದಿರು ಅಗೆಯಲು ಬಂದ ಬಿಳಿ ದೊರೆಗಳು ತಂದವು. ದೊರೆಗಳು ಹೋಗುವಾಗ ದೊಡ್ಡ ಕೋವಿಗಳನ್ನು ಒಯ್ದರು, ಸಣ್ಣವನ್ನು ಅಡುಗೆಯವರಿಗೆ, ಕುದುರೆ ಕಾಯುವವರಿಗೆ ಕೊಟ್ಟು ಹೋದರು. ತೋಟಾ ಸಿಗುವುದು ಕಷ್ಟವಾದ ಮೇಲೆ ಅವು ಎಷ್ಟೋ ಮನೆಗಳಿಗೆ ಬೇಡವಾದವು. ಬೋಸಯ್ಯ ಅಂಥವನ್ನು ಹುಡುಕಿಕೊಂಡು ಊರೂರು ತಿರುಗುತ್ತಿದ್ದನಂತೆ. ಒಂದು ಅವನಿಗೆ ಸಿಕ್ಕಾಗ ಅವರೆ ಬಳ್ಳಿಗೆ ಊರುಗೋಲಾಗಿತ್ತು. ಇನ್ನೊಂದರಲ್ಲಿ ಒಬ್ಬಾಕೆ ಒಲೆಯ ಬೂದಿ ಕೆದಕುತ್ತಿದ್ದಳು. ಮತ್ತೊಂದಕ್ಕೆ ಅವನು ಹಾಲು ಕೊಡುವ ಮೇಕೆಯನ್ನೇ ಬಿಟ್ಟು ಬಂದ. ಕಾಗದ ಪತ್ರ ಕೇಳುವವರು ಆಗ ಇರಲಿಲ್ಲ.

ಮನೆಗೆ ತಂದ ಮೇಲೆ ತುಕ್ಕು ಉಜ್ಜುತ್ತಿದ್ದ. ದಾರಕ್ಕೆ ಬಟ್ಟೆ ಕಟ್ಟಿ ನಳಿಗೆಯೊಳಗೆ ಎಳೆಯುತ್ತಿದ್ದ. ಮರದ ಹಿಡಿಯ ಮೇಲೆ ಯಾರದೋ ಕೆನ್ನೆ ಒತ್ತಿ ಒತ್ತಿ ಸವೆದ ಜಾಗ ಇರುತ್ತದಲ್ಲ, ಅಲ್ಲಿ ಬೆರಳಾಡಿಸುತ್ತ ಕೂರುತ್ತಿದ್ದ. ದೊಡ್ಡ ಕೋವಿ ಯಾರಾದರೂ ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲವಂತೆ. ಅದು ಕೂಗುತ್ತೆ, ಇದು ನೋಡುತ್ತೆ ಅನ್ನುತ್ತಿದ್ದನಂತೆ.

ಅವನು ಹಾಗೆ ಅನ್ನಲು ಒಂದು ಕಾರಣವಿತ್ತು.

ಹೊಸ ಕೋವಿ ಬಂದರೆ ಮಾರನೆಯ ಬೆಳಗ್ಗೆ ಅದರ ಅಗುಳಿ ತೆಗೆದು, ನಳಿಗೆಯನ್ನು ಹುಟ್ಟುವ ಸೂರ್ಯನ ಕಡೆ ಹಿಡಿದು, ಹಿಂದಿನಿಂದ ಒಂದು ಕಣ್ಣಿಟ್ಟು ನೋಡುತ್ತಿದ್ದ. ಕೋವಿ ಬಲ್ಲವರೆಲ್ಲ ಹಾಗೆ ನೋಡುತ್ತಾರೆ, ಒಳಗೆ ತುಕ್ಕು ಇದೆಯೋ ಗೀರು ಇದೆಯೋ ಅಂತ. ಬೋಸಯ್ಯನಿಗೆ ಬೇರೆಯದು ಕಾಣುತ್ತಿತ್ತಂತೆ. ಆ ಕೋವಿ ಕೊನೆಯದಾಗಿ ಯಾವುದನ್ನು ಕೊಂದಿತ್ತೋ ಅದು ನಳಿಗೆಯ ಆ ತುದಿಯಲ್ಲಿ, ಬೆಳಕಿನ ಚುಕ್ಕೆಯಲ್ಲಿ ನಿಂತಿರುತ್ತಿತ್ತಂತೆ. ಹೊಡೆಸಿಕೊಳ್ಳುವ ಮೊದಲಿನ ಗಳಿಗೆಯಲ್ಲಿ ಹೇಗಿತ್ತೋ ಹಾಗೆ.

ಹಾಗಂತ ಹೇಳುತ್ತಾರೆ. ಕಂಡವನು ಅವನೊಬ್ಬನೇ.

ಒಮ್ಮೆ ಪಕ್ಕದ ಹಟ್ಟಿಯವನೊಬ್ಬ ತನ್ನ ಕೋವಿ ತಂದು, ಇದು ನರಿ ಹೊಡೆದ ಕೋವಿ ಅಂತ ಜಂಬ ಕೊಚ್ಚಿದನಂತೆ. ಬೋಸಯ್ಯ ನೋಡಿ, ನಳಿಗೆ ಇಳಿಸಿ ಹೇಳಿದನಂತೆ.

"ನರಿ ಕೊರಳಿಗೆ ಗಂಟೆ ಕಟ್ಟಿದವರು ಯಾರಪ್ಪ?"

ಬಂದವನು ಕೋವಿ ಎತ್ತಿಕೊಂಡು ಎದ್ದು ಹೋದನಂತೆ. ಅವನ ನೆರೆಮನೆಯ ಮೇಕೆ ಕಾಣೆಯಾಗಿ ಆಗಲೇ ಒಂದು ಹಬ್ಬ ಕಳೆದಿತ್ತು. ಅಂದಿನಿಂದ ಕೆಲವರು ಬೋಸಯ್ಯನಿಗೆ ಕೋವಿ ತಂದು ತೋರಿಸಿದರು, ಕೆಲವರು ಅವನು ಬರುವ ಸುದ್ದಿ ಕೇಳಿದರೆ ಕೋವಿ ಒಳಗಿಟ್ಟರು.

ಬೋಸಯ್ಯನ ಹೆಂಡತಿ ಓಬಕ್ಕ. ಕೋವಿಗಳು ಗೋಡೆಯ ಗೂಟದ ಮೇಲೆ ಗಂಡನವು. ಅಗುಳಿಗಳು ಅವಳವು. ಅವನ್ನು ಅವಳು ಒಂದರ ಮೇಲೊಂದು ಪೇರಿಸಿದ ಅಡಕಲ ಗಡಿಗೆಗಳಲ್ಲಿ, ಕೆಳಗಿನಿಂದ ಎರಡನೆಯದರಲ್ಲಿ, ಬೂದಿಯೊಳಗೆ ಹೂತಿಡುತ್ತಿದ್ದಳು. ಒಂದು ಕೋವಿಯ ಅಗುಳಿ ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಗುರುತಿಗೆ ದಾರ ಕಟ್ಟುತ್ತಿದ್ದಳು. ಬೋಸಯ್ಯ ನಳಿಗೆಗೆ ಕಣ್ಣಿಟ್ಟಾಗ ಅವಳು ಪಕ್ಕದಲ್ಲಿ ದಾರ ಹಿಡಿದು ನಿಂತು ಕೇಳುತ್ತಿದ್ದಳು.

"ಏನ್ ಕಾಣ್ತೈತೆ ಮಾವ?"

ಅವನು ಮೊಲ ಅಂದರೆ ಬಿಳಿ ದಾರ. ಹೆಗ್ಗಣ ಅಂದರೆ ಕರಿ ದಾರ. ನರಿ ಅಂದರೆ ಅರಿಶಿನದ ದಾರ. ಬಣ್ಣ ಬೇಟೆಯದು, ಗಂಟು ಕೋವಿಯದು. ಆ ಗಂಟುಗಳನ್ನು ಓದಲು ಅವಳೊಬ್ಬಳಿಗೇ ಬರುತ್ತಿತ್ತು. ಕೋವಿ ಹೊರಗೆ ಹೋಗಬೇಕಾದರೆ ಗಂಡ ಗೂಟದಿಂದ ಇಳಿಸಬೇಕು, ಹೆಂಡತಿ ಬೂದಿಯಿಂದ ತೆಗೆದುಕೊಡಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

ಅವರಿಗೆ ಮಕ್ಕಳಿರಲಿಲ್ಲ. ಯಾರಾದರೂ ಆ ಮಾತು ಎತ್ತಿದರೆ ಓಬಕ್ಕ ಗಡಿಗೆ ತಟ್ಟಿ ಹೇಳುತ್ತಿದ್ದಳಂತೆ. "ಇಲ್ಲಿ ಇಷ್ಟೊಂದು ಮಲಗ್ಯಾವಲ್ಲ. ಒಂದಾದ್ರೂ ಅಳ್ತೈತಾ ನೋಡು."

ಓಬಕ್ಕನಿಗೆ ಒಬ್ಬ ತಮ್ಮ. ಕಂಪಳಯ್ಯ ಅಂತ. ಅವನೂ ಹೆಸರಾದವನೇ. ಅವನ ಬಳಿ ಕೋವಿ ಇರಲಿಲ್ಲ. ಅವನದು ಬಾಯಿಯ ವಿದ್ಯೆ. ಮುಂಗೈಗೆ ತುಟಿ ಒತ್ತಿ ಗಾಳಿ ಎಳೆದರೆ, ಕಾಲು ಮುರಿದ ಮೊಲ ಚೀರಿದ ಹಾಗೆ ಚೀರು ಏಳುತ್ತಿತ್ತು. ಆ ಚೀರಿಗೆ ನರಿ ಎಲ್ಲಿದ್ದರೂ ಬರುತ್ತದೆ. ನರಿಯ ಕಾಟ ಇದ್ದವರು ಅವನನ್ನು ಕರೆಸುತ್ತಿದ್ದರು. ಅವನು ತಲೆ ಮುಚ್ಚುವ ಹಾಗೆ ಕಂಬಳಿ ಕೊಪ್ಪೆ ಹೊದ್ದು, ಹೊಲದ ನಡುವೆ ಮುದುಡಿ ಕೂತು ಚೀರುತ್ತಿದ್ದ. ಕೋವಿಯವರು ಬದುವಿನಲ್ಲಿ ಕಾಯುತ್ತಿದ್ದರು. ಅವನು ಕೊಪ್ಪೆ ಹಾಕುವ ರೀತಿಯೂ ಬೇರೆ. ಕಂಬಳಿಯ ಎರಡು ಮೂಲೆ ತಲೆಯ ಮೇಲೆ ಚೂಪಾಗಿ ನಿಂತಿರುತ್ತಿದ್ದವು. ನರಿ ದೂರದಿಂದ ನೋಡಿದರೂ ಮೊಲ ಅನ್ನಬೇಕು ಅನ್ನುತ್ತಿದ್ದ.

"ಭಾವ, ನೀನು ಸತ್ತ ಪ್ರಾಣಿ ನೋಡ್ತೀಯ, ನಾನು ಸಾಯೋ ಪ್ರಾಣಿ ಕರೀತೀನಿ," ಅಂತ ಬೋಸಯ್ಯನನ್ನು ಕೆಣಕುತ್ತಿದ್ದನಂತೆ. "ನಮ್ಮಿಬ್ಬರ ನಡುವೆ ನಮ್ಮಕ್ಕ ಒಬ್ಬಳೇ ರೊಟ್ಟಿ ಸುಡೋದು."

ಬೇರೆ ಊರಿನಿಂದ ಮನೆಗೆ ಬರುವಾಗ, ಬೈಗಿನ ಹೊತ್ತಿಗೆ, ಗುಡ್ಡದ ಬುಡದಲ್ಲಿ ನಿಂತು ಒಂದೇ ಒಂದು ಸಲ ಮೊಲದ ಚೀರು ಹಾಕುತ್ತಿದ್ದ. ಅದು ಕೇಳಿದರೆ ಓಬಕ್ಕ ಒಲೆಯ ಮೇಲೆ ಹೆಂಚು ಇಡುತ್ತಿದ್ದಳು.

ಒಂದು ಶೇಂಗಾ ಕಾಲದಲ್ಲಿ ಗುಡ್ಡದಾಚೆಯಿಂದ ಕರೆ ಬಂತು. ಅಲ್ಲಿ ನರಿ ಕುರಿಮರಿಗಳನ್ನು ಹೊತ್ತೊಯ್ಯುತ್ತಿತ್ತು. ಕಂಪಳಯ್ಯ ಹೊಸ ಕಂಬಳಿ ಹೊದ್ದು ಹೋದ. ಹಳೆಯದು ಅಕ್ಕನ ಮನೆಯಲ್ಲೇ ಇತ್ತು. ಹೋದವನು ಬರಲಿಲ್ಲ.

ಕುರಿಮಂದೆಯವರ ಜೊತೆ ತೆಂಕಣಕ್ಕೆ ಹೋದ ಅಂದರು. ಯಾವಳ ಹಿಂದೆಯೋ ಹೋದ ಅಂದರು. ಓಬಕ್ಕ ಎಲ್ಲರ ಮಾತೂ ಕೇಳಿದಳು. ದಿನಾ ಬೈಗಿಗೆ ಒಂದು ಸಜ್ಜೆ ರೊಟ್ಟಿ ಹೆಚ್ಚು ತಟ್ಟಿ ಅಡಕಲಿನ ಮೇಲಿನ ಗಡಿಗೆಯ ಬಾಯಿಗೆ ಮುಚ್ಚಿಡುತ್ತಿದ್ದಳು. ಬೆಳಗ್ಗೆ ಅದನ್ನು ಕಾಗೆಗೆ ಹಾಕುತ್ತಿದ್ದಳು. ಹೀಗೆ ಎಷ್ಟೋ ವರ್ಷ.

ಬೋಸಯ್ಯನ ಮನೆಯಲ್ಲಿ ಇನ್ನೊಂದು ಕಾಯುವ ವಸ್ತು ಇತ್ತು. ಗೋಡೆಯ ಮೇಲೆ, ಎಲ್ಲಾ ಕೋವಿಗಳ ನಡುವಿನ ಗೂಟದಲ್ಲಿ, ಒಂದು ಖಾಲಿ ತೊಗಲಿನ ಚೀಲ. ದೊರೆಸಾನಿಯೊಬ್ಬಳ ಕೋವಿಯ ಚೀಲ ಅದು. ಆ ಕೋವಿ ಕಟ್ಟಿಗೆಯಷ್ಟು ಹಗುರ, ಹಿಡಿಯ ಮೇಲೆ ಬೆಳ್ಳಿಯ ಬಿಲ್ಲೆ, ಅಗುಳಿಯ ತುದಿ ಗೋಲಿಯಂತೆ ದುಂಡಗೆ ಅಂತ ಕಂಡವರು ಹೇಳಿದ್ದರು. ಚೀಲ ಅವನಿಗೆ ಯೌವನದಲ್ಲೇ ಸಿಕ್ಕಿತ್ತು. ಕೋವಿ ಸಿಕ್ಕಿರಲಿಲ್ಲ. ಚೀಲಕ್ಕೆ ಎಣ್ಣೆ ಹಚ್ಚಿ ಮೆದುವಾಗಿ ಇಟ್ಟಿದ್ದ. ಅದರ ಆಸೆಗೆ ಅವನು ತಿರುಗದ ಊರಿಲ್ಲ.

ಗಂಡ ಹೆಂಡಿರ ನಡುವೆ ಅದೊಂದು ನಗೆಮಾತಾಗಿತ್ತಂತೆ. "ನಿನ್ನ ಚೀಲಕ್ಕೆ ಕೋವಿ ಬರ್ತೈತೋ, ನನ್ನ ರೊಟ್ಟಿಗೆ ತಮ್ಮ ಬರ್ತಾನೋ, ಯಾವ್ದು ಮೊದ್ಲು ನೋಡಾನ," ಅನ್ನುತ್ತಿದ್ದಳಂತೆ ಓಬಕ್ಕ.

ಎರಡೂ ಒಟ್ಟಿಗೇ ಬಂದವು.

ಒಂದು ಬೆಳಗ್ಗೆ, ಸೂರ್ಯ ಇನ್ನೂ ಏಳದ ಹೊತ್ತಿಗೆ, ಗುಡ್ಡದಾಚೆಯ ಚಿನ್ನೋಬಯ್ಯ ಎಂಬ ಮುದುಕ ಗೋಣಿತಾಟಿನಲ್ಲಿ ಸುತ್ತಿದ ಕೋವಿ ಹಿಡಿದು ಬಂದನಂತೆ. ತಾಟು ಬಿಚ್ಚಿದರೆ ಬೆಳ್ಳಿಯ ಬಿಲ್ಲೆ. ಗೋಲಿಯಂಥ ಅಗುಳಿ. ಬೋಸಯ್ಯ ಎದ್ದು ಚೀಲ ಇಳಿಸಿ ಕೋವಿಯನ್ನು ಅದರೊಳಗೆ ಜಾರಿಸಿದ. ಬೆರಳಿಗೆ ಉಂಗುರ ಕೂತ ಹಾಗೆ ಕೂತಿತು. ಅವನ ಕಣ್ಣಲ್ಲಿ ನೀರು ಬಂತಂತೆ.

ಏನು ಕೊಡಲಿ ಅಂತ ಕೇಳಿದರೆ ಚಿನ್ನೋಬಯ್ಯ ಏನೂ ಬೇಡ ಅಂದ.

"ಇದು ಮತ್ತೆ ನನ್ನ ಮನೆಗೆ ಬರಬಾರದು. ಅಷ್ಟೇ ಸಾಕು."

"ಕೊನೆಗೆ ಹೊಡೆದದ್ದು ಏನು?" ಅಂತ ಓಬಕ್ಕ ಕೇಳಿದಳು.

ಮುದುಕ ನೆಲ ನೋಡಿಕೊಂಡು ಮೊಲ ಅಂದನಂತೆ. ಒಂದು ಚೊಂಬು ನೀರನ್ನೂ ಕುಡಿಯದೆ ಹೊರಟುಹೋದನಂತೆ.

ಆ ಹೊತ್ತಿಗೆ ಸೂರ್ಯ ಎದ್ದ. ಬೋಸಯ್ಯ ಅಗುಳಿ ತೆಗೆದು ಹೆಂಡತಿಯ ಕೈಗೆ ಕೊಟ್ಟ. ನಳಿಗೆ ಎತ್ತಿದ. ಕಣ್ಣಿಟ್ಟ.

ಬೆಳಕಿನ ಚುಕ್ಕೆಯಲ್ಲಿ ಒಂದು ಕಂಬಳಿ ಕೊಪ್ಪೆ ಇತ್ತು. ಎರಡು ಮೂಲೆ ಚೂಪಾಗಿ ಮೇಲೆ ನಿಂತಿದ್ದವು. ಕೊಪ್ಪೆಯ ಕೆಳಗೆ ಮುಂಗೈಗೆ ಒತ್ತಿದ ತುಟಿ. ಕೈಯ ಮೇಲೆ ಎರಡು ಕಣ್ಣು. ಅವು ಹೊಲದ ಆ ಕಡೆ, ನರಿ ಬರಬೇಕಾದ ಕಡೆ ನೋಡುತ್ತಿದ್ದವು.

"ಏನ್ ಕಾಣ್ತೈತೆ ಮಾವ?"

ಇಲ್ಲಿ ಕಥೆ ಹೇಳುವವರೆಲ್ಲ ಸ್ವಲ್ಪ ನಿಲ್ಲುತ್ತಾರೆ. ನಾನೂ ನಿಲ್ಲುತ್ತೇನೆ. ನಿಜ ಹೇಳಿದರೆ ಅವಳು ಆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಳೇ? ಕಲ್ಲಿನ ಮೇಲಿಟ್ಟು ಜಜ್ಜುತ್ತಾಳೆ. ಅವಳ ತಮ್ಮ ಸತ್ತ ಅಂತ ಹೇಳುವ ಬಾಯಿಯೂ ಬೋಸಯ್ಯನದೇ ಆಗಬೇಕು. ಅವಳ ದುಃಖಕ್ಕೆ ಹೆದರಿ ಸುಳ್ಳು ಹೇಳಿದ ಅಂತ ಕೆಲವರು ಹೇಳುತ್ತಾರೆ. ಕೋವಿಯ ಆಸೆಗೆ ಹೇಳಿದ ಅಂತ ಕೆಲವರು. ಅವನ ಎಡಗೈ ಆಗಲೂ ತೊಗಲಿನ ಚೀಲದ ಮೇಲಿತ್ತು ಅನ್ನುವುದನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

"ಮೊಲ," ಅಂದನಂತೆ ಬೋಸಯ್ಯ.

ಓಬಕ್ಕ ಬಿಳಿ ದಾರ ಕಟ್ಟಿದಳು.

ಆ ದಿನ ಬೈಗಿನಲ್ಲಿ ಚೀರು ಕೇಳಿತು. ಒಂದೇ ಒಂದು ಸಲ.

ಓಬಕ್ಕ ಹೆಂಚು ಒಲೆಯ ಮೇಲಿಟ್ಟು ಹೊರಗೆ ಓಡಿದಳು. ಗುಡ್ಡದ ಬುಡದಲ್ಲಿ ಯಾರೂ ಇರಲಿಲ್ಲ. ತಿರುಗಿ ಬಂದು, ಹತ್ತಿರದಲ್ಲೇ ಅವ್ನೆ, ನಾಚಿಕೆ ಪಡ್ತವ್ನೆ ಅಂದಳಂತೆ. ಇಷ್ಟು ವರ್ಷ ಬಿಟ್ಟು ಹೋದವನಿಗೆ ಅಕ್ಕನ ಮುಖ ನೋಡಲು ನಾಚಿಕೆ ಆಗದೆ ಇರುತ್ತದೆಯೇ ಅಂದಳಂತೆ. ಅವಳು ನಗುತ್ತಿದ್ದಳು. ಬೋಸಯ್ಯ ಅವಳ ಕಡೆ ನೋಡಲಿಲ್ಲ. ಅವನಿಗೂ ಚೀರು ಕೇಳಿತ್ತು. ಆದರೆ ಅವನಿಗೆ ಅದು ಗುಡ್ಡದ ಕಡೆಯಿಂದ ಬಂದಿರಲಿಲ್ಲ. ಗೋಡೆಯ ಮೇಲಿನ ತೊಗಲಿನ ಚೀಲದಿಂದ ಬಂದಿತ್ತು.

ಮಾರನೆಯ ದಿನ ಅವನು ನಳಿಗೆಯ ಬಾಯಿಗೆ ಬಟ್ಟೆ ತುರುಕಿದ. ಆ ಬೈಗಿನಲ್ಲಿ ಚೀರು ನಿಜವಾಗಿಯೂ ಹೊರಗಿನಿಂದಲೇ ಬಂತು. ಹೊಲದ ಕಡೆಯಿಂದ. ಬಟ್ಟೆ ತೆಗೆದ. ಚೀರು ಮತ್ತೆ ಒಳಗೆ ಬರಲಿಲ್ಲ. ಹೊರಗೇ ಉಳಿಯಿತು.

ಅವನು ಬೇರೆ ಕೋವಿಗಳನ್ನು ಇಳಿಸಿ ಒಂದೊಂದಾಗಿ ನೋಡಿದನಂತೆ. ಮೊಲ ಇರಬೇಕಾದ ಕಡೆ ಕೊಪ್ಪೆ. ಹೆಗ್ಗಣ ಇರಬೇಕಾದ ಕಡೆ ಕೊಪ್ಪೆ. ಅವರೆ ಬಳ್ಳಿಯ ಕೋವಿಯಲ್ಲೂ, ಬೂದಿ ಕೆದಕಿದ ಕೋವಿಯಲ್ಲೂ ಅದೇ ಕೊಪ್ಪೆ, ಅದೇ ಕೈ. ಒಂದೇ ವ್ಯತ್ಯಾಸ. ಮೊದಲ ದಿನ ಆ ಕಣ್ಣು ನರಿಯ ದಾರಿ ನೋಡುತ್ತಿದ್ದವು. ಈಗ ನಳಿಗೆಯ ಈ ಕಡೆ ನೋಡುತ್ತಿದ್ದವು.

ಓಬಕ್ಕ ದಿನಾ ಬೈಗಿಗೆ ಹೊರಗೆ ಹೋಗತೊಡಗಿದಳು. ಮೊದಲು ಬುಡದವರೆಗೆ. ಆಮೇಲೆ ಹೊಲದವರೆಗೆ. ಆಮೇಲೆ ಇನ್ನೂ ಮುಂದೆ. ಚೀರು ದಿನದಿಂದ ದಿನಕ್ಕೆ ದೂರ ಹೋಗುತ್ತಿತ್ತಂತೆ, ಅವಳನ್ನು ಕೈ ಹಿಡಿದು ಕರೆದೊಯ್ದ ಹಾಗೆ. ಕತ್ತಲಾಗುವ ಮೊದಲು ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಹಿಂದಿರುಗುತ್ತಿದ್ದಳು. ಬೋಸಯ್ಯ ಹೋಗಬೇಡ ಅಂದ.

"ಯಾಕೆ ಹೋಗಬಾರದು?"

ಇದ್ದ ಉತ್ತರ ಹೇಳುವಂತಿರಲಿಲ್ಲ.

ಅದು ಶೇಂಗಾ ಬಲಿಯುವ ಕಾಲ. ಬದುವಿಗೊಬ್ಬರು ಕೋವಿ ಹಿಡಿದು ಕೂತಿರುವ ಕಾಲ. ಬೈಗಿನಲ್ಲಿ ಹೊಲದಲ್ಲಿ ಅಲ್ಲಾಡುವುದೆಲ್ಲ ಬೇಟೆ ಅಂತ ತಿಳಿಯುವ ಕಾಲ. ಇದು ಬೋಸಯ್ಯನಿಗೂ ಗೊತ್ತು.

ಆಗ ಅವನಿಗೆ ಒಂದು ಉಪಾಯ ಹೊಳೆಯಿತಂತೆ. ಕೋವಿ ತೋರಿಸುವುದು ಕೊನೆಯ ಬೇಟೆಯನ್ನು. ದೊರೆಸಾನಿಯ ಕೋವಿಯಿಂದ ಒಂದು ನಿಜವಾದ ಮೊಲ ಹೊಡೆದರೆ ಕೊನೆಯ ಬೇಟೆ ಮೊಲವೇ ಆಗುತ್ತದೆ. ಕೊಪ್ಪೆ ಅಳಿಸಿಹೋಗುತ್ತದೆ. ಅವನು ಹೇಳಿದ ಸುಳ್ಳು ನಿಜವಾಗುತ್ತದೆ. ಚೀರು ನಿಲ್ಲುತ್ತದೆ, ಹೆಂಡತಿ ಮನೆಯಲ್ಲಿರುತ್ತಾಳೆ, ಕೋವಿಯೂ ಮನೆಯಲ್ಲಿರುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು.

ಅಂದು ಬೈಗಿನಲ್ಲಿ ಓಬಕ್ಕ ಆಗಲೇ ಹೊರಗೆ ಹೋಗಿದ್ದಳು. ಬೋಸಯ್ಯ ಕೋವಿ ಇಳಿಸಿದ. ಅಗುಳಿ ಕೊಡುವ ಕೈ ಮನೆಯಲ್ಲಿರಲಿಲ್ಲ. ಅವನು ಮೇಲಿನ ಗಡಿಗೆಗಳನ್ನು ಇಳಿಸಿ, ಬೂದಿಯೊಳಗೆ ತಾನೇ ಕೈ ಹಾಕಿದನಂತೆ. ಹಾಗೆ ಅವನು ಎಂದೂ ಮಾಡಿರಲಿಲ್ಲ. ಬಿಳಿ ದಾರ ಸಿಕ್ಕಿತು. ಗಂಟು ನೋಡಲಿಲ್ಲ. ನೋಡಿದ್ದರೂ ಓದಲು ಬರುತ್ತಿರಲಿಲ್ಲ. ಬೂದಿ ಮೆತ್ತಿಕೊಂಡರೆ ಎಲ್ಲ ಅಗುಳಿಯ ತುದಿಯೂ ದುಂಡಗೇ ಕಾಣುತ್ತದೆ. ಹೊರಟ.

ಗುಡ್ಡದ ಬುಡದ ಹೊಲದಲ್ಲಿ ಬದುವಿನ ಹಿಂದೆ ಕೂತ. ಬಿಸಿಲು ಹೋಗಿ ಬೆಳಕು ಇನ್ನೂ ಉಳಿದಿತ್ತು. ಗಾಳಿ ಇರಲಿಲ್ಲ. ಆಗ ಮುಂದಿನ ಸಾಲುಗಳಲ್ಲಿ ಮೊಲ ಚೀರಿತು.

ಇದು ದಿನಾ ಕೇಳುವ ಚೀರಲ್ಲ ಅಂತ ಅವನಿಗೆ ತಿಳಿಯಿತು. ಸ್ವಲ್ಪ ತೆಳು. ಕೊನೆಯಲ್ಲಿ ನಡುಗುತ್ತಿತ್ತು. ನಿಜವಾದ ಮೊಲ ಅಂದುಕೊಂಡ. ಶೇಂಗಾ ಬಳ್ಳಿಯ ಮೇಲೆ ಎರಡು ಕಿವಿ ಚೂಪಾಗಿ ಎದ್ದವು. ಅವನು ತೋಟಾ ಇಟ್ಟು ಅಗುಳಿ ಮುಂದಕ್ಕೆ ತಳ್ಳಿದ. ಹೋಯಿತು. ಕೆಳಗೆ ಮಡಚಿದ. ಮಡಚಿಕೊಳ್ಳಲಿಲ್ಲ. ಒತ್ತಿದ. ಮಡಚಿಕೊಳ್ಳಲಿಲ್ಲ. ಕಿವಿಗಳು ಇನ್ನೂ ಅಲ್ಲೇ ಇದ್ದವು. ಮೊಲ ಮತ್ತೆ ಚೀರಿತು. ಒಳಗೆ ಏನೋ ಸಿಕ್ಕಿಕೊಂಡಿದೆ, ತುರುಕಿದ ಬಟ್ಟೆಯ ಚೂರಿರಬೇಕು ಅಂತ ಅಗುಳಿ ಹೊರಗೆಳೆದು, ತೋಟಾ ತೆಗೆದು, ನಳಿಗೆಯನ್ನು ಹಾಗೆಯೇ ಮುಂದಕ್ಕೆ ಹಿಡಿದು ಕಣ್ಣಿಟ್ಟ.

ಕೊಪ್ಪೆ ಕಂಡಿತು. ಎರಡು ಮೂಲೆ. ಮುಂಗೈಗೆ ಒತ್ತಿದ ತುಟಿ.

ಅದೇ ಅಂತ ಅವನು ಕಣ್ಣು ಮುಚ್ಚಿದನಂತೆ. ಮುಚ್ಚಿದ ಮೇಲೆ, ಈಗ ಕಂಡ ಕೈ ಬೇರೆ ಅನ್ನಿಸಿತಂತೆ. ಮತ್ತೆ ಕಣ್ಣು ತೆರೆದು ನೋಡಿದ. ಆ ಕೈಯಲ್ಲಿ ಬಳೆ ಇದ್ದವು. ಕಪ್ಪು ಗಾಜಿನ ಬಳೆ.

ಅಷ್ಟು ವರ್ಷ ಅವನ ಕೋವಿಗಳು ಕೊಂದದ್ದನ್ನು ತೋರಿಸಿದ್ದವು. ಆ ಒಂದು ಸಲ ಕೊಲ್ಲಲಿರುವುದನ್ನು ತೋರಿಸಿತು. ಹಾಗಂತ ಹೇಳುತ್ತಾರೆ. ಕೊಳವೆಯಲ್ಲಿ ಎದುರಿಗಿದ್ದದ್ದು ಕಂಡಿತು, ಅದರಲ್ಲಿ ಏನು ಸೋಜಿಗ ಅನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದೇ ಆಗಿರಲಿ, ಓಬಕ್ಕ ಬದುಕಿದಳು.

ಅವನು ಕೋವಿ ನೆಲಕ್ಕೆ ಬಿಟ್ಟು, ಸಾಲು ತುಳಿದುಕೊಂಡು ಹೋದ. ತಮ್ಮನ ಹಳೆಯ ಕಂಬಳಿ ಹೊದ್ದು, ತಮ್ಮ ಹಾಕುತ್ತಿದ್ದ ಹಾಗೆಯೇ ಕೊಪ್ಪೆ ಹಾಕಿ, ಅವಳು ಬಳ್ಳಿಗಳ ನಡುವೆ ಮುದುಡಿ ಕೂತಿದ್ದಳು.

"ಸುಮ್ನಿರು ಮಾವ," ಅಂದಳಂತೆ, ತಲೆ ಎತ್ತದೆ. "ಈಗ ತಾನೆ ಕೂಗಿದ. ನಾನೂ ಕೂಗಿ ನೋಡ್ತಿದೀನಿ. ಚಿಕ್ಕವನಿದ್ದಾಗ ಅವನಿಗೆ ಕಲಿಸಿದವಳು ನಾನೇ."

ಬೋಸಯ್ಯ ಅವಳ ಎದುರು ಕೂತ.

"ಆವತ್ತು ನಾನು ಕಂಡದ್ದು ಮೊಲ ಅಲ್ಲ."

ಓಬಕ್ಕ ಆಗ ತಲೆ ಎತ್ತಿದಳಂತೆ. ಆಮೇಲೆ ಕೇಳಿದಳು.

"ಕೊಪ್ಪೆ ಇತ್ತಾ?"

"ಇತ್ತು."

"ಕೈ ಬಾಯಿಗಿತ್ತಾ?"

"ಇತ್ತು."

ಅವಳು ಕಂಬಳಿಯ ಎರಡು ಮೂಲೆಗಳನ್ನು ತಲೆಯಿಂದ ಇಳಿಸಿ ಹೆಗಲ ಮೇಲೆ ಹಾಕಿಕೊಂಡಳು. ಎದ್ದು ಮನೆಗೆ ನಡೆದಳು. ಅಡಕಲು ನೆಲದ ಮೇಲೆ ಹರಡಿತ್ತು. ಆ ದಿನದ ರೊಟ್ಟಿ ಮುಚ್ಚಿದ್ದ ಗಡಿಗೆ ಒಂದು ಮೂಲೆಯಲ್ಲಿತ್ತು. ಅವಳು ಅದರ ಮುಂದೆ ಕೂತು ಆ ರೊಟ್ಟಿಯನ್ನು ತಾನೇ ತಿಂದಳಂತೆ. ಒಂದು ಚೂರೂ ಬಿಡದೆ. ಆ ಬೈಗಿನ ನಂತರ ಚೀರು ಮತ್ತೆ ಎಂದೂ ಕೇಳಲಿಲ್ಲ.

ಮಾರನೆಯ ದಿನ ಇಬ್ಬರೂ ಹೊಲದಲ್ಲಿ ಬಿಟ್ಟಿದ್ದ ಕೋವಿಯನ್ನು ಎತ್ತಿ, ಚೀಲಕ್ಕೆ ಹಾಕಿಕೊಂಡು ಗುಡ್ಡದಾಚೆಗೆ ಹೋದರು. ಚಿನ್ನೋಬಯ್ಯ ಅವರನ್ನು ದೂರದಿಂದಲೇ ಕಂಡು ಎದ್ದು ನಿಂತಿದ್ದನಂತೆ, ಅವರಿಗಾಗಿಯೇ ಕಾದಿದ್ದವನ ಹಾಗೆ. ಅವನೇ ಮುಂದೆ ನಡೆದ. ಹೊಲದ ಬದಿಯಲ್ಲಿ, ಎರಡು ಬಂಡೆಗಳ ಸಂದಿಯಲ್ಲಿ, ಒಂದು ಕಲ್ಲಿನ ಗುಪ್ಪೆ. ನರಿ ಕರೆಯಲು ಬಂದವನು ಸಂಜೆಯೇ ಬಂದು ಹೊಲದಲ್ಲಿ ಕೂತದ್ದು ಚಿನ್ನೋಬಯ್ಯನಿಗೆ ಗೊತ್ತಿರಲಿಲ್ಲವಂತೆ. ಮೊಲದ ಸದ್ದು ಕೇಳಿತು, ಮೊಲದ ಕಿವಿ ಕಂಡಿತು, ಹೊಡೆದ. ಓಡಿ ಹೋಗಿ ನೋಡಿದಾಗ ಕೈ ಇನ್ನೂ ತುಟಿಯ ಮೇಲೇ ಇತ್ತಂತೆ. ಹೆದರಿ ಕಲ್ಲು ಹೇರಿದ. ಅಂದಿನಿಂದ ಆ ಕೋವಿಯ ಅಗುಳಿ ಎತ್ತಲು ಅವನಿಗೆ ಕೈ ಬರಲಿಲ್ಲ. ಇಷ್ಟನ್ನು ಹೇಳಿ, ನನ್ನನ್ನು ಏನು ಮಾಡ್ತೀಯೋ ಮಾಡು ತಾಯಿ ಅಂದನಂತೆ.

"ನನ್ನ ತಮ್ಮ ಚೆನ್ನಾಗಿ ಕೂಗ್ತಿದ್ದ," ಅಂದಳಂತೆ ಓಬಕ್ಕ. ಅಷ್ಟೇ ಅಂದದ್ದು.

ದೊರೆಸಾನಿಯ ಕೋವಿಯನ್ನು ಆ ಗುಪ್ಪೆಯ ಪಕ್ಕ ಬಾಯಿ ಕೆಳಗೆ ಮಾಡಿ ನೆಟ್ಟರು. ಬೋಸಯ್ಯನೇ ಗುಂಡಿ ತೋಡಿದ. ನಳಿಗೆಯೊಳಗೆ ಮಣ್ಣು ತುಂಬಿದವನೂ ಅವನೇ. ಖಾಲಿ ಚೀಲವನ್ನು ಮನೆಗೆ ತಂದು ಮತ್ತೆ ಅದೇ ಗೂಟಕ್ಕೆ ಹಾಕಿದನಂತೆ.

ಓಬಕ್ಕ ಗಂಡನನ್ನು ಬೈಯಲಿಲ್ಲ. ಮನೆ ಬಿಟ್ಟೂ ಹೋಗಲಿಲ್ಲ. ಬೂದಿಯ ಗಡಿಗೆಯನ್ನು ಅಂಗಳಕ್ಕೆ ತಂದು ಸುರಿದಳು. ಅಗುಳಿಗಳ ದಾರಗಳನ್ನೆಲ್ಲ ಒಂದೊಂದಾಗಿ ಕುಡುಗೋಲಿನಿಂದ ಕೊಯ್ದಳು. ಬಿಳಿ, ಕರಿ, ಅರಿಶಿನ ಎಲ್ಲವನ್ನೂ ಒಲೆಗೆ ಹಾಕಿದಳು. ಬರೀ ಅಗುಳಿಗಳನ್ನು ಮತ್ತೆ ಗಡಿಗೆಗೆ ತುಂಬಿ, ಅಲ್ಲಾಡಿಸಿ, ಗಂಡನ ಮುಂದೆ ಇಟ್ಟಳು.

"ಇನ್ಮೇಲೆ ನೀನೇ ನೋಡ್ಕೋ ಮಾವ."

ಬೋಸಯ್ಯ ಉಳಿದ ಆಯುಷ್ಯವನ್ನೆಲ್ಲ ಅದರಲ್ಲೇ ಕಳೆದನಂತೆ. ಕೋವಿ ಇಳಿಸುವುದು, ಒಂದು ಅಗುಳಿ ಹಾಕುವುದು, ಮಡಚಲು ನೋಡುವುದು, ತೆಗೆಯುವುದು. ಹೊಸ ಕೋವಿ ಹುಡುಕಲು ಹೋಗಲಿಲ್ಲ. ನಳಿಗೆಗೆ ಕಣ್ಣಿಡಲೂ ಇಲ್ಲ. ಹೊಲದಿಂದ ಬರುವವರು, ಎಷ್ಟು ಹೊಂದಿದವಪ್ಪ ಅಂತ ಕೇಳುತ್ತಿದ್ದರು. ಅವನು ಇನ್ನೊಂದು ಅಗುಳಿ ಎತ್ತಿಕೊಳ್ಳುತ್ತಿದ್ದ. ಸತ್ತ ದಿನ ಅವನ ತೊಡೆಯ ಮೇಲೆ ಅವರೆ ಬಳ್ಳಿಯ ಕೋವಿ ಇತ್ತು. ಅದರಲ್ಲಿ ಒಂದು ಅಗುಳಿ ಪೂರ್ತಿ ಮಡಚಿಕೊಂಡಿತ್ತು. ಅದು ಅದರದೇ ಅಗುಳಿಯೋ ಅಲ್ಲವೋ ಹೇಳಬಲ್ಲವಳು ಓಬಕ್ಕ ಒಬ್ಬಳೇ. ಅವಳು ಹೇಳಲಿಲ್ಲವಂತೆ.

ತೂಗುಗಲ್ಲು ಆಮೇಲೂ ಜಾರುತ್ತಲೇ ಇದೆ. ಹಟ್ಟಿಯ ಗುಡಿಸಲುಗಳು ಹೋಗಿ ಹೆಂಚು ಬಂತು, ಹೆಂಚು ಹೋಗಿ ತಾರಸಿ ಬಂತು. ಆದರೂ ಆ ಬಯಲಿನಲ್ಲಿ ಕಂಬಳಿ ಕೊಳ್ಳುವವರು ಅದರ ಮೂಲೆಗಳನ್ನು ಒಳಗೆ ಮಡಚಿ ಹೊಲಿಯುತ್ತಾರೆ. ಕೊಪ್ಪೆ ಹಾಕಿದರೆ ತಲೆ ಗುಂಡಗೆ ಕಾಣಬೇಕು, ಚೂಪು ಏಳಬಾರದು. ಮಕ್ಕಳು ಮುಂಗೈಗೆ ಬಾಯಿಟ್ಟು ಕೀಚಿದರೆ ಹೆಂಗಸರು ಬಂದು ಕೈ ಬಿಡಿಸುತ್ತಾರೆ. ಬೈಗಿನಲ್ಲಿ ಮೊಲ ಚೀರಿದರೆ, ಬೆಳೆ ಎಷ್ಟೇ ಹೋಗಲಿ, ಯಾರೂ ಕೋವಿ ಎತ್ತುವುದಿಲ್ಲ.

ಇನ್ನೊಂದಿದೆ. ಈಗ ಆ ಕಡೆ ಕೋವಿ ಉಳಿದಿರುವ ಮನೆಗಳು ಕೆಲವೇ. ಇರುವ ಮನೆಗಳಲ್ಲಿ ಅಗುಳಿ ಹೆಂಗಸರ ಬಳಿಯೇ ಇರುತ್ತದೆ. ಗಂಡಸು ಕೋವಿ ಹಿಡಿದು ಹೊಸ್ತಿಲಲ್ಲಿ ನಿಲ್ಲಬೇಕು. ಖಾಲಿ ನಳಿಗೆಯನ್ನು ಬೆಳಕಿಗೆ ಎತ್ತಿ ಕಣ್ಣಿಡಬೇಕು. ಒಳಗಿನಿಂದ ಹೆಂಡತಿಯೋ ತಾಯಿಯೋ ಕೇಳುತ್ತಾಳೆ.

"ಏನ್ ಕಾಣ್ತೈತೆ?"

"ಬಯಲು," ಅನ್ನಬೇಕು.

ಹಾಗೆ ಅಂದರೆ ಅಗುಳಿ ಕೈಗೆ ಬರುತ್ತದೆ. ಕೊಡುವ ಮೊದಲು ಅವಳು ಅವನ ಮುಖವನ್ನು ಒಂದು ಗಳಿಗೆ ನೋಡುತ್ತಾಳೆ. ಕೆಲವು ದಿನ, ಬಾಯಿ ಹೇಳಿದ್ದನ್ನು ಮುಖ ಹೇಳದಿದ್ದರೆ, ಅಗುಳಿಯನ್ನು ಮತ್ತೆ ಬೂದಿಗೆ ಹಾಕಿ ಒಳಗೆ ಹೋಗುತ್ತಾಳೆ. ಆಗ ಅವನೂ ತಿರುಗಿ ಕೋವಿಯನ್ನು ಗೂಟಕ್ಕೆ ಹಾಕುತ್ತಾನೆ.